ಕಾಕಾನ ಬೇಸ್ ಗಿಟಾರುಗಳು ಮತ್ತು ಎಡಿಸನ್ನಿನ ನೆಲಮಾಳಿಗೆ

ಅಮೆರಿಕದಿಂದ ಬಂದು ಎರಡು ತಿಂಗಳಾಯಿತು. ಸ್ಟಾಫ್ ರೂಮಿನಲ್ಲಿ ಯಾರಾದರೂ "ಸರ್, ಹೆಂಗಿತ್ರೀ ಟ್ರಿಪ್?" ಎಂದು ಕೇಳಿದರೆ ರಸ್ತೆಗಳು ಅಗಲ ಇವೆ, ಅಳಿಲುಗಳು ಬೆಕ್ಕಿನಮರಿಯಷ್ಟು ದಪ್ಪ ಇವೆ ಎಂದು ಹೇಳಿ ಮುಗಿಸುತ್ತೇನೆ. ಹೇಳದೆ ಉಳಿಯುವುದು ಬೇರೆ. ನ್ಯೂಜೆರ್ಸಿಯ ಒಂದು ಮನೆಯ ನೆಲಮಾಳಿಗೆಯಲ್ಲಿ, ನಾನು ಆಡಿದ ಒಂದು ಮಾತಿನಿಂದ, ನನ್ನ ಕಾಲೇಜು ಗೆಳೆಯ ಮಂಜುನಾಥ ನನ್ನ ಕಣ್ಣೆದುರೇ ಸಾಯುವುದರಲ್ಲಿದ್ದ. ಆ ಕೆಲವು ಸೆಕೆಂಡುಗಳು ಹಲ್ಲುಜ್ಜುವಾಗ ಬರುತ್ತವೆ, ಬಸ್ಸಿಗೆ ಕಾಯುವಾಗ ಬರುತ್ತವೆ, ಕ್ಲಾಸಿನಲ್ಲಿ ಫ್ಯಾನಿನ ಸ್ವಿಚ್ ಒತ್ತುವಾಗ ಬರುತ್ತವೆ. ಮೊದಲಿನಿಂದ ಬರೆದು ನೋಡೋಣ ಎಂದು ಕೂತಿದ್ದೇನೆ.

ನಾನು ಧಾರವಾಡದ ಒಂದು ಪಿಯು ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವವನು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಎಡಿಸನ್

ಎಡಿಸನ್ ನ್ಯೂಜೆರ್ಸಿಯ ಒಂದು ಊರು. ಮಂಜ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಅವನ ಹೆಂಡತಿ ಶೈಲಜಾ ಮೈಸೂರಿನವರು, ಊರಿನ ಲೈಬ್ರರಿಯಲ್ಲಿ ಕೆಲಸ. ಗರಾಜಿನಿಂದ ಮನೆಯೊಳಗೆ ಹೋಗುವ ಬಾಗಿಲಲ್ಲಿ ಒಂದು ಮರದ ರ್ಯಾಕ್ ಇದೆ, ಶೂ ಅಲ್ಲೇ ಬಿಡಬೇಕು.

"ಏಳು ಸಮುದ್ರ ದಾಟಿ ಬಂದ್ರೂ ಚಪ್ಪಲಿ ಹೊರಗ ಬಿಡೂದು ತಪ್ಪಲಿಲ್ಲ ನೋಡು" ಎಂದೆ.

"ಶೈಲಜಾನ ಕಾಯ್ದೆ ಅದು. ಇಲ್ಲಿ ಪೊಲೀಸರಿಗಾದ್ರೂ ಸಾರಿ ಅಂದ್ರ ಬಿಡ್ತಾರ" ಎಂದ ಮಂಜ.

"ನೆಲ ಒರೆಸೋದು ಯಾರು ಅಂತಾನೂ ಹೇಳಿ ಅವರಿಗೆ" ಎಂದು ಒಳಗಿನಿಂದ ಶೈಲಜಾ ಅವರ ದನಿ ಬಂತು.

ಎರಡನೆಯ ದಿನ ಬೆಳಿಗ್ಗೆ ಕರಿಬೇವು ತರುತ್ತೇನೆಂದು ನಾನೇ ನಡೆದು ಹೊರಟೆ. ಅಂಗಡಿ ಧಾರವಾಡದ ನಮ್ಮ ಸಪ್ತಾಪುರದಿಂದ ಬಸ್ ನಿಲ್ದಾಣಕ್ಕಿರುವಷ್ಟೂ ದೂರವಿರಲಿಲ್ಲ. ದಾರಿಯಲ್ಲಿ ಫುಟ್‌ಪಾತ್ ಮುಗಿದುಹೋಯಿತು, ಬರೀ ಹುಲ್ಲು. ಒಂದು ಕಾರು ನಿಂತಿತು. ಒಳಗಿದ್ದ ಗುಜರಾತಿ ಆಂಟಿ ಗಾಜು ಇಳಿಸಿ, "ಕಾರ್ ಕೆಟ್ಟಿದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ, ನಡೆಯುತ್ತಿದ್ದೇನೆ ಎಂದೆ. ಅವರು ನಂಬಲಿಲ್ಲ. ಕರಿಬೇವಿನ ಅಂಗಡಿಯ ತನಕ ಬಿಟ್ಟು, ವಾಪಸ್ ಮನೆಯ ತನಕವೂ ಬಿಟ್ಟು, ಶೈಲಜಾ ಅವರಿಗೆ "ಅಂಕಲ್ಲನ್ನು ಒಬ್ಬರೇ ಕಳಿಸಬೇಡಿ" ಎಂದು ಬುದ್ಧಿ ಹೇಳಿ ಹೋದರು.

ಆ ಸಂಜೆ ಮಂಜ ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದ. ಹಳೆಯ ಮನೆ, ಸಿಮೆಂಟಿನ ನೆಲ, ಒಂದು ಕಡೆ ಬಟ್ಟೆ ಒಗೆಯುವ ಮಷಿನ್, ಇನ್ನೊಂದು ಕಡೆ ಗೋಡೆಗೆ ಒರಗಿದ ಮೂರು ಬೇಸ್ ಗಿಟಾರು. ನಡುವೆ ಫ್ರಿಜ್ಜಿನಷ್ಟು ಎತ್ತರದ ಒಂದು ಸ್ಪೀಕರ್ ಪೆಟ್ಟಿಗೆ, ಅದರ ಮೇಲೆ ಹಳೆಯ ವಾಲ್ವ್ ಆಂಪ್ಲಿಫೈಯರ್.

"ಕಾಕಾಂದು ಇದ ಮಾಡೆಲ್" ಎಂದ. ಯಾರೋ ತೀರಿಕೊಂಡವರ ಮನೆಯ ಸಾಮಾನು ವಿಲೇವಾರಿಯಲ್ಲಿ ಸಿಕ್ಕಿತಂತೆ. ಹೇಳುವಾಗ ಅವನ ದನಿ ಇಳಿದಿತ್ತು, ದೇವರ ಮನೆಯಲ್ಲಿ ಇಳಿಯುವ ಹಾಗೆ.

ಕಾಕಾ ಯಾರು ಎಂದು ಹೇಳಬೇಕು. ಡಿಗ್ರಿ ಓದುವಾಗ ನಾವು ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟಿದ್ದೆವು. ಧಾರವಾಡದಲ್ಲಿ ಬೆಳಿಗ್ಗೆ ಯಾವ ಓಣಿ ಹೊಕ್ಕರೂ ತಂಬೂರಿ ಕೇಳುತ್ತಿದ್ದ ಕಾಲ. ನಮಗೆ ಮಾತ್ರ ರಾಕ್ ಬೇಕಾಗಿತ್ತು. ನಮ್ಮ ಬಳಿ ಇದ್ದದ್ದು ಒಂದು ಕ್ಯಾಸೆಟ್, ಕಾಪಿಯ ಕಾಪಿಯ ಕಾಪಿ. ಅದರಲ್ಲಿ ಹಾಡಿನ ಮಾತು ಕೇಳಿಸುತ್ತಿರಲಿಲ್ಲ. ಆದರೆ ಬೇಸ್ ಗಿಟಾರಿನ ದಪ್ಪ ತಂತಿಗಳು, ಹಾಡಿನ ಕೆಳಗೆ ಎಮ್ಮೆಯೊಂದು ನಿಧಾನ ನಡೆದು ಹೋದಂತೆ, ಸ್ಪಷ್ಟವಾಗಿ ಕೇಳುತ್ತಿದ್ದವು. ಬಾರಿಸಿದವನ ಹೆಸರು ಜೆರಾಕ್ಸ್ ಕವರಿನಲ್ಲಿ ಅಳಿಸಿಹೋಗಿತ್ತು. ಮಂಜ ಅವನಿಗೆ ಕಾಕಾ ಎಂದು ಹೆಸರಿಟ್ಟ. ಜಗತ್ತಿಗೆಲ್ಲ ಗೊತ್ತಿದ್ದ ಅವನ ನಿಜವಾದ ಹೆಸರು ನಮಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ಈ ಬರಹದಲ್ಲೂ ಅವನು ಕಾಕಾನೇ.

ಬೇಸ್ ಗಿಟಾರು ಊರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮಿರಜಿನಲ್ಲಿ ಕೆಲಸ ಕಲಿತು ಬಂದು ತಂಬೂರಿ ರಿಪೇರಿ ಮಾಡುತ್ತಿದ್ದ ಒಬ್ಬ ಅಜ್ಜನನ್ನು ಕಾಡಿ ಬೇಡಿ, ಸಾಗುವಾನಿಯ ಹಲಗೆಯಲ್ಲಿ ಮಾಡಿಸಿದೆವು. "ಬುರುಡೀನ ಇಲ್ಲದ ವಾದ್ಯ, ದನಿ ಎಲ್ಲಿಂದ ಬರ್ತದೋ ತಮ್ಮಾ?" ಎಂದು ಆತ ಕೊನೆಯ ದಿನದ ತನಕ ಕೇಳುತ್ತಿದ್ದ. ತಂತಿಯ ಕೆಳಗೆ ಕೂರಿಸುವ ಅಯಸ್ಕಾಂತ ಒಡೆದ ಸ್ಪೀಕರಿನದು. ಅದಕ್ಕೆ ತಾಮ್ರದ ಸಣ್ಣ ತಂತಿ ಸುತ್ತಿದ್ದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ. ಆಂಪ್ಲಿಫೈಯರ್ ಮದುವೆಗೆ ಮೈಕ್‌ಸೆಟ್ ಬಾಡಿಗೆ ಕೊಡುವವರದು. ಎಲ್ಲ ಜೋಡಿಸಿದಾಗ ಸಂಗೀತಕ್ಕಿಂತ ಮೊದಲು ಬಂದದ್ದು "ಗುಂಯ್" ಎಂಬ ಸದ್ದು, ಜೇನುಗೂಡಿನೊಳಗೆ ಕಿವಿ ಇಟ್ಟ ಹಾಗೆ.

ನಾಲ್ವರಲ್ಲಿ ಸೈನ್ಸ್ ಓದುತ್ತಿದ್ದವನು ನಾನೊಬ್ಬನೇ. ಇಕ್ಕಳ ತೆಗೆದುಕೊಂಡು ಪ್ಲಗ್ಗಿನೊಳಗಿನ ಹಸಿರು ತಂತಿ, ಅಂದರೆ ಅರ್ಥ್ ತಂತಿ, ಕಿತ್ತುಹಾಕಿದೆ. ಗುಂಯ್ ನಿಂತಿತು. ಮಂಜ ನನ್ನನ್ನು ಎತ್ತಿ ಕುಣಿದ. ಅಂದಿನಿಂದ ನನ್ನ ಹೆಸರು ಮಾಸ್ತರ. ಪ್ರತಿ ಕಾರ್ಯಕ್ರಮದಲ್ಲೂ ಮೊದಲ ಕೆಲಸ ನನ್ನದು. ಮಂಜ ಸ್ಟೇಜಿನಿಂದ ಕೂಗುತ್ತಿದ್ದ: "ಮಾಸ್ತರ, ಅರ್ಥ್ ಕೀಳಲೇ."

ಮ್ಯಾನ್‌ಹಟನ್

ಮಂಜ, ನಾನು ಇಬ್ಬರೂ ನ್ಯೂಯಾರ್ಕಿಗೆ ರೈಲಿನಲ್ಲಿ ಹೋದೆವು. ಬೋಗಿಯಲ್ಲಿ ಅಷ್ಟು ಜನ ಇದ್ದೂ ಮಾತಿಲ್ಲ. ಎದುರಿನವನ ಊರು, ಮಕ್ಕಳು, ಮಂಡಿನೋವು ಯಾವುದೂ ತಿಳಿಯದೆ ಒಂದು ತಾಸು ಪ್ರಯಾಣ ಮಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅಲ್ಲಿ ಸಬ್‌ವೇಯ, ಅಂದರೆ ನೆಲದಡಿಯ ರೈಲಿನ, ಗೇಟಿನಲ್ಲಿ ಕಾರ್ಡನ್ನು ತಪ್ಪು ಕಡೆ ತೋರಿಸಿ, ಕಬ್ಬಿಣದ ಸರಳು ಹೊಟ್ಟೆಗೆ ಬಡಿದು ನಿಂತೆ. ಹಿಂದೆ ಸಾಲು ಬೆಳೆಯಿತು. ಯಾರೂ ಬೈಯಲಿಲ್ಲ, ನಿಟ್ಟುಸಿರು ಬಿಟ್ಟರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಮಂಜ ಕರೆದುಕೊಂಡು ಹೋದದ್ದು ಹಳೆಯ ಗಿಟಾರುಗಳ ಒಂದು ಅಂಗಡಿಗೆ. ಯಾರು ಬೇಕಾದರೂ ಗೋಡೆಯಿಂದ ಇಳಿಸಿ, ಸ್ಟೂಲಿನ ಮೇಲೆ ಕೂತು ಬಾರಿಸಬಹುದು. ನಮ್ಮಲ್ಲಿ ವಾದ್ಯ ಪ್ಲಾಸ್ಟಿಕ್ ಕವರಿನಲ್ಲಿ ನೇತಾಡುತ್ತದೆ, ಮುಟ್ಟಿದರೆ "ತಗೋತೀರೇನ್ರೀ?" ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಅರ್ಧ ತಾಸು ಕೂತರೂ ಅಂಗಡಿಯವನು ತಲೆ ಎತ್ತಲಿಲ್ಲ. ಕಾಕಾ ಹಾಕುತ್ತಿದ್ದಂಥ ನುಣುಪು ತಂತಿಗಳ ಒಂದು ಸೆಟ್ ಮಂಜ ಆರಿಸಿದ. ಬೆರಳಿನಿಂದ ಸವರಿ, "ಮಾಸ್ತರ, ಹಾವಿನ ಬೆನ್ನ ಇದ್ದಂಗ ಐತಿ" ಎಂದ. ಆ ಕ್ಷಣ ಅವನು ತಲೆ ನರೆತ ಫಾರ್ಮಸಿಸ್ಟ್ ಆಗಿರಲಿಲ್ಲ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು, ಊಟದ ಗಂಟೆ ಹೊಡೆದರೂ ಏಳದಿದ್ದ ಮಂಜ ಆಗಿದ್ದ.

ಸಮುದ್ರದ ದಂಡೆಯ ಊರು

ಕಾಕಾ ತೀರಿಕೊಂಡ ಮೇಲೆ ಅವನ ಸಾಮಾನನ್ನೆಲ್ಲ ಅವನ ಮನೆಯವರು ಒಂದೆಡೆ ಕೂಡಿಸಿ, ನ್ಯೂಜೆರ್ಸಿಯ ಕಡಲ ದಂಡೆಯ ಒಂದು ಸಣ್ಣ ಊರಿನ ಸಭಾಭವನದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ನನ್ನನ್ನು ಮಂಜ ಅಮೆರಿಕಕ್ಕೆ ಕರೆಸಿದ್ದೇ ಇದಕ್ಕೆ. "ನಾ ಒಬ್ಬನ ಹೋಗೂದಿಲ್ಲ, ನೀ ಬಾ" ಎಂದು ಒಂದು ವರ್ಷದಿಂದ ಫೋನಿನಲ್ಲಿ ಗಂಟುಬಿದ್ದಿದ್ದ.

ಒಳಗೆ ಹೋದೆವು. ಗಾಜಿನ ಪೆಟ್ಟಿಗೆಗಳಲ್ಲಿ ಹನ್ನೊಂದು ಬೇಸ್ ಗಿಟಾರು. ನಾನು ಹೊಳೆಯುವ ವಸ್ತುಗಳನ್ನು ನಿರೀಕ್ಷಿಸಿದ್ದೆ. ಅವು ರೈತನ ಗುದ್ದಲಿಗಳ ಹಾಗಿದ್ದವು. ಮೊದಲನೆಯದರ ಬಣ್ಣ ಮೊಣಕೈ ಒರಗುವ ಜಾಗದಲ್ಲಿ ಪೂರಾ ಸವೆದು, ಮರ ಮೇಲೆದ್ದು ಎಣ್ಣೆ ಹಿಡಿದಿತ್ತು, ಅಜ್ಜಿಯರು ಒರಗಿ ಕೂರುತ್ತಿದ್ದ ಕಂಬದ ಹಾಗೆ. ಹೆಬ್ಬೆರಳು ಊರುವಲ್ಲಿ ಒಂದು ಕುಳಿ. ತಂತಿ ಹೆಚ್ಚು ಹೊತ್ತು ಗುನುಗಬಾರದೆಂದು ಅದರ ಬುಡಕ್ಕೆ ಸಿಕ್ಕಿಸಿದ್ದ ಸ್ಪಂಜಿನ ತುಂಡು ಹಾಗೇ ಇತ್ತು, ಪಾತ್ರೆ ತಿಕ್ಕುವ ಸ್ಪಂಜೇ.

"ನಾವೂ ಸ್ಪಂಜ್ ಹಾಕಿದ್ವಿ" ಎಂದ ಮಂಜ.

"ನಾವು ಹಾಕಿದ್ದು ಹರಿದ ಸಾಕ್ಸು."

"ನಿಂದು. ಅದರ ವಾಸನಿಗೆ ತಂತಿ ತಾನ ಸುಮ್ಮನಾಗ್ತಿತ್ತು."

ಅಲ್ಲಿ ವಿವರಿಸಲು ನಿಂತವನು ಒಬ್ಬ ಮುದುಕ, ಕಾಕಾನ ತಂಡದ ಜೊತೆ ಊರೂರು ತಿರುಗಿ ಸಾಮಾನು ಹೊತ್ತವನು. ತಂತಿ ತುಂಡಾಗದೆ ಕಾಕಾ ಎಂದೂ ಬದಲಿಸುತ್ತಿರಲಿಲ್ಲ, ಬಾರಿಸುವ ಮೊದಲು ಕೈ ತೊಳೆಯುತ್ತಿರಲಿಲ್ಲ ಎಂದೆಲ್ಲ ಹೇಳಿದ. ಊಟ ಮಾಡಿದ ಕೈಯಲ್ಲೇ ಬಾರಿಸುತ್ತಿದ್ದನಂತೆ. ಮಂಜನಿಗೆ ಕಣ್ಣು ತುಂಬಿತು. ವಾದ್ಯಕ್ಕೆ ನಮಸ್ಕಾರ ಮಾಡದೆ ಮುಟ್ಟದ ಊರಿನಿಂದ ಬಂದ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಕೊನೆಯ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರ್ ಇತ್ತು, ಮಂಜನ ಮನೆಯಲ್ಲಿದ್ದದ್ದರ ಒಡಹುಟ್ಟು. ಅದರ ವೈರಿನ ತುದಿಯಲ್ಲಿ ಬೆರಳುಗಾತ್ರದ ಒಂದು ಅಡಾಪ್ಟರ್. ಮೂರು ಪಿನ್ನಿನ ಪ್ಲಗ್ಗನ್ನು ಎರಡು ತೂತಿನ ಸಾಕೆಟ್ಟಿಗೆ ಹಾಕಲು ಬಳಸುವಂಥದ್ದು. ಅದನ್ನು ಹಾಕಿದರೆ ಮೂರನೆಯ ಪಿನ್, ಅಂದರೆ ಅರ್ಥ್, ಎಲ್ಲಿಗೂ ಸೇರುವುದಿಲ್ಲ.

ಮಂಜ ನನ್ನ ಭುಜ ಹಿಡಿದು ಅಲುಗಾಡಿಸಿದ. "ಕಾಕಾನೂ ಅರ್ಥ್ ಕೀಳ್ತಿದ್ದ ನೋಡಲೇ ಮಾಸ್ತರ. ನೀ ಧಾರವಾಡದಾಗ ಮಾಡಿದ್ದ ಇವ ಇಲ್ಲಿ ಮಾಡ್ಯಾನ."

ನನ್ನ ಎದೆ ಉಬ್ಬಿತು. ಅದನ್ನು ಮುಚ್ಚಿಡುವುದಿಲ್ಲ. ಮುದುಕ ನಮ್ಮ ಹಿಂದೆ ನಿಂತು, ಅದನ್ನು ಮೆಚ್ಚಿ ಇಟ್ಟಿದ್ದಲ್ಲ, ಅದರಿಂದ ಕಾಕಾನಿಗೆ ಎರಡು ಸಲ ಶಾಕ್ ಹೊಡೆದಿತ್ತು, ಒಂದು ಸಲ ಸ್ಟೇಜಿನಿಂದಲೇ ಬಿದ್ದಿದ್ದ ಎನ್ನುತ್ತಿದ್ದ. ನನಗೆ ಕೇಳಿಸಿತು. ಆಗ ನಾವು ಆ ಅಡಾಪ್ಟರಿನ ಪಕ್ಕ ನಿಂತು ಸೆಲ್ಫಿ ತೆಗೆಯುತ್ತಿದ್ದೆವು.

ನೆಲಮಾಳಿಗೆ

ಮರುದಿನ ಶನಿವಾರ ಮಧ್ಯಾಹ್ನ. ಶೈಲಜಾ ಮೇಲೆ ಬಿಸಿಬೇಳೆಭಾತಿಗೆ ಒಗ್ಗರಣೆ ಹಾಕುತ್ತಿದ್ದರು, ವಾಸನೆ ಕೆಳಗಿನ ತನಕ ಬಂದಿತ್ತು. ಮಂಜ ಹೊಸ ತಂತಿ ಏರಿಸಿ, ಆಂಪ್ಲಿಫೈಯರ್ ಹಚ್ಚಿದ. ಹಾಡಲು ಒಂದು ಮೈಕು, ಅದಕ್ಕೆ ಬೇರೆ ಮಿಕ್ಸರ್, ಬೇರೆ ಪ್ಲಗ್ಗು. ನನ್ನ ಕೈಯಲ್ಲಿ ಕರೆಂಟಿನ ಹಂಗಿಲ್ಲದ ಮರದ ಗಿಟಾರು.

ಗುಂಯ್ ಎಂದಿತು.

"ಇದೊಂದು ಮೊದಲಿಂದ ಐತಿ. ಯಾರಿಗಾದ್ರೂ ತೋರಿಸ್ಬೇಕು" ಎಂದ.

ಯಾರಿಗಾದರೂ ತೋರಿಸಬೇಕು ಎಂದು ಅವನೇ ಹೇಳಿದ್ದ. ನಾನು ಹೇಳಿದ್ದು ಇಷ್ಟು: "ಯಾರಿಗ್ಯಾಕ ತೋರಸ್ತೀ? ಮಾಸ್ತರ ಇಲ್ಲೇನು? ಅರ್ಥ್ ಕೀಳು."

ಅವನು ನಕ್ಕ. ಒಗೆಯುವ ಮಷಿನ್ನಿನ ಮೇಲಿನ ಡಬ್ಬಿಯಲ್ಲಿ ಸ್ಕ್ರೂ, ಮೊಳೆಗಳ ನಡುವೆ ಅಂಥದೇ ಒಂದು ಅಡಾಪ್ಟರ್ ಸಿಕ್ಕಿತು. ಹುಡುಕಿ ಕೊಟ್ಟವನೂ ನಾನೇ. ಹಾಕಿದ. ಗುಂಯ್ ನಿಂತಿತು. ಇಬ್ಬರೂ ಕೈಗೆ ಕೈ ತಟ್ಟಿದೆವು. ಬೇಸ್ ಕೊರಳಿಗೆ ಹಾಕಿಕೊಂಡು ಅವನು ಹಳೆಯ ಹಾಡಿನ ಆ ಎಮ್ಮೆಯ ನಡಿಗೆಯನ್ನು ಶುರು ಮಾಡಿದ. ಮೂವತ್ತು ವರ್ಷದ ಹಿಂದಿನ ಅದೇ ಜಾಗದಲ್ಲಿ ನನ್ನ ಬೆರಳೂ ತಾನಾಗಿ ಹೋಗಿ ಕೂತಿತು. ಅಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ಹಾಡಲು ಅವನು ಮೈಕಿಗೆ ಬಾಯಿ ಕೊಟ್ಟ.

ಮೊದಲ ಅಕ್ಷರ ಹೊರಡಲಿಲ್ಲ. ತುಟಿ ಮೈಕಿಗೆ ಅಂಟಿ, ಕುತ್ತಿಗೆಯ ನರ ಉಬ್ಬಿ, ಗಂಟಲಿನಿಂದ "ಙ್ಙ್" ಎಂಬ ಸದ್ದು. ಎಡಗೈ ತಂತಿಗಳ ಮೇಲೆ ಮುಷ್ಟಿ ಕಟ್ಟಿತ್ತು. ಹಾಸ್ಟೆಲಿನಲ್ಲಿ ಅವನು ಪ್ರೊಫೆಸರುಗಳ ನಕಲು ಮಾಡುತ್ತಿದ್ದ, ಸತ್ತಂತೆ ಬಿದ್ದು ಹೆದರಿಸುತ್ತಿದ್ದ. ನಾನು ಅಂದೆ: "ನಾಟಕ ಮಾಡಬ್ಯಾಡಲೇ."

ಆ ಮಾತಿಗೆ ಎಷ್ಟು ಸೆಕೆಂಡು ಹಿಡಿಯುತ್ತದೆ? ಗಡಿಯಾರ ಹಿಡಿದು ಅಂದು ನೋಡಿದ್ದೇನೆ. ಒಂದೂವರೆ. ಆಮೇಲೆ ಅವನ ಕಣ್ಣು ನೋಡಿದೆ. ಅವು ನನ್ನನ್ನು ಕರೆಯುತ್ತಿದ್ದವು. ಎರಡು ಹೆಜ್ಜೆ ಓಡಿ ಕೈ ಚಾಚಿ, ನಿಂತೆ. ಮುಟ್ಟಿದರೆ ನಾನೂ ಅಂಟುತ್ತೇನೆ ಎಂದು ಗೊತ್ತಿತ್ತು. ಇಬ್ಬರದೂ ಬರಿಗಾಲು, ಸಿಮೆಂಟಿನ ನೆಲ. ಹಾಗೆ ನಿಂತದ್ದು ಇನ್ನೊಂದು ಸೆಕೆಂಡು. ಬುದ್ಧಿ ನಿಲ್ಲಿಸಿತೋ ಭಯ ನಿಲ್ಲಿಸಿತೋ ಇವತ್ತಿಗೂ ಹೇಳಲಾರೆ. ಬಗ್ಗಿ, ಆಂಪ್ಲಿಫೈಯರಿನಿಂದ ಗೋಡೆಗೆ ಹೋಗಿದ್ದ ಕಪ್ಪು ವೈರನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಪ್ಲಗ್ ಕಿತ್ತು ಬಂತು. ಮಂಜ ಮೈಕಿನ ಸ್ಟ್ಯಾಂಡಿನ ಸಮೇತ ಹಿಂದಕ್ಕೆ ಬಿದ್ದ.

ಶೈಲಜಾ ಮೆಟ್ಟಿಲಿಳಿದು ಬಂದಾಗ ಅವನು ಉಸಿರಿಗೆ ಒದ್ದಾಡುತ್ತಿದ್ದ. ಅವರು ಕಿರುಚಲಿಲ್ಲ. ಫೋನ್ ಕಿವಿಗಿಟ್ಟು ವಿಳಾಸ ಹೇಳುತ್ತಲೇ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವನ ಎಡಗೈ ಬಿಡಿಸಿದರು. ಬೆರಳುಗಳ ಅಡ್ಡಕ್ಕೆ ನಾಲ್ಕು ಬಿಳಿ ಗೆರೆ, ಪಟ್ಟಿಯಿಟ್ಟು ಎಳೆದ ಹಾಗೆ.

ಆಸ್ಪತ್ರೆ

ಮಂಜ ಕೆಲಸ ಮಾಡುವ ಆಸ್ಪತ್ರೆಗೇ ಒಯ್ದರು. ಹೃದಯದ ಬಡಿತ ತಪ್ಪುತ್ತಿದೆ, ಒಂದು ದಿನ ನೋಡಬೇಕು ಎಂದರು ಡಾಕ್ಟರು. ನಾನು ಕಾರಿಡಾರಿನಲ್ಲಿ ಕೂತು, ಮೊದಲೇ ಮಾಡಬೇಕಿದ್ದ ಲೆಕ್ಕ ಮಾಡಿದೆ. ಆಂಪ್ಲಿಫೈಯರಿನ ಒಳಗೆ ಯಾವುದೋ ಹಳೆಯ ಭಾಗ ಹಾಳಾಗಿ, ಅದರ ಲೋಹದ ಮೈಗೆ ಕರೆಂಟು ಸೋರುತ್ತಿತ್ತು. ಆ ಮೈಗೆ ಗಿಟಾರಿನ ತಂತಿಗಳು ಸೇರಿರುತ್ತವೆ. ಅರ್ಥ್ ಇರುವ ತನಕ ಸೋರಿದ್ದೆಲ್ಲ ನೆಲಕ್ಕೆ ಹೋಗುತ್ತಿತ್ತು. ಗುಂಯ್ ಎನ್ನುತ್ತಿದ್ದದ್ದೇ ಅದು. ನಾನು ಆ ದಾರಿ ಮುಚ್ಚಿದೆ. ಕರೆಂಟು ಬೇರೆ ದಾರಿ ಹುಡುಕಿಕೊಂಡು, ತಂತಿಯಿಂದ ಕೈಗೆ, ಎದೆಗೆ, ತುಟಿಗೆ, ಮೈಕಿಗೆ ಹೋಯಿತು. ಇದರ ಚಿತ್ರವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, "ಹಸಿರು ತಂತಿ ಅಂದ್ರ ಜೀವದ ತಂತಿ" ಎಂದು ಮಕ್ಕಳಿಂದ ಹೇಳಿಸುವವನು ನಾನು. ಧಾರವಾಡದಲ್ಲಿ ನಾವು ಉಳಿದದ್ದು ನನ್ನ ಜಾಣತನದಿಂದಲ್ಲ. ಹಲಗೆಯ ಸ್ಟೇಜಿನಿಂದ, ಮಂಜನ ಕ್ಯಾನ್ವಾಸ್ ಶೂನಿಂದ.

ಸಂಜೆ ಒಳಗೆ ಬಿಟ್ಟರು. ನರ್ಸ್ ಅಡಾಪ್ಟರ್ ಹಾಕಿದ್ದು ಯಾರು ಎಂದು ಕೇಳುತ್ತಿದ್ದಳು. ಮಂಜ "ನಾನೇ, ನನ್ನದೇ ಮೂರ್ಖತನ" ಎಂದ. ಶೈಲಜಾ ಹಾಸಿಗೆಯ ಆ ಕಡೆ ನಿಂತಿದ್ದರು. "ಫಾರ್ಮಸಿಸ್ಟ್ ಅಂತೆ. ಇವರು ಕೊಡೋ ಮಾತ್ರೆ ಜನ ನುಂಗ್ತಾರಲ್ಲ" ಎಂದು, ಮುಖ ತಿರುಗಿಸಿಕೊಂಡು ನೀರು ತರಲು ಹೋದರು.

"ನಾ ಹೇಳ್ತೀನಿ ಅವರಿಗೆ" ಎಂದೆ.

"ಸುಮ್ಮನಿರಲೇ." ಅವನ ದನಿ ಒಡೆದಿತ್ತು, ತುಟಿ ಊದಿತ್ತು. "ನೀ ಹೇಳಿದಿ ಅಂತ ಗೊತ್ತಾದ್ರ ಆಕಿ ನಿನ್ನ ಮತ್ತ ಮನಿಯೊಳಗ ಬಿಡೂದಿಲ್ಲ. ನನಗ ಉಳಿದ ದೋಸ್ತ ನೀ ಒಬ್ಬನ. ಬಾಯಿ ಮುಚ್ಚಿಕೊಂಡಿರು."

ನಾನು ಬಾಯಿ ಮುಚ್ಚಿಕೊಂಡೆ. ಮರುದಿನ ಬಡಿತ ಸರಿಯಾಗಿ ಮನೆಗೆ ಕಳಿಸಿದರು. ಉಳಿದ ಮೂರು ದಿನ ಶೈಲಜಾ ನನಗೆ ಎರಡೆರಡು ಸಲ ಅನ್ನ ಬಡಿಸಿದರು. "ನೀವು ಇಲ್ಲದಿದ್ರೆ ಏನಾಗ್ತಿತ್ತೋ" ಎಂದರು. ಅವರ ಅಕ್ಕನಿಗೆ ಮೈಸೂರಿಗೆ ಫೋನ್ ಮಾಡಿ, "ಸುಧೀಂದ್ರ ಅವರು ಪ್ಲಗ್ ಕಿತ್ತು ಉಳಿಸಿದ್ರು" ಎಂದು ನನ್ನೆದುರೇ ಹೇಳಿದರು. 

ನ್ಯೂವಾರ್ಕ್ ದಾರಿ

ಮಂಜನಿಗೆ ಕಾರು ಓಡಿಸಬಾರದೆಂದು ಡಾಕ್ಟರು ಹೇಳಿದ್ದರಿಂದ ನನ್ನನ್ನು ನ್ಯೂವಾರ್ಕಿನ ವಿಮಾನ ನಿಲ್ದಾಣಕ್ಕೆ ಬಿಡಲು ಶೈಲಜಾ ಹೊರಟರು. ಮಂಜ ಬಾಗಿಲಲ್ಲಿ ಬ್ಯಾಂಡೇಜಿನ ಕೈ ಎತ್ತಿ ನಿಂತಿದ್ದ. ಹೆದ್ದಾರಿಗೆ ಬಂದ ಮೇಲೆ ಹೇಳಿದೆ. ಪೀಠಿಕೆ ಹಾಕಲಿಲ್ಲ.

"ಅಡಾಪ್ಟರ್ ಹಾಕು ಅಂದಿದ್ದು ನಾನು. ಹುಡುಕಿ ಕೊಟ್ಟಿದ್ದೂ ನಾನೇ. ಅವನು ಯಾರಿಗಾದ್ರೂ ತೋರಿಸ್ಬೇಕು ಅಂದಿದ್ದ."

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಎರಡು ಲಾರಿ ನಮ್ಮನ್ನು ದಾಟಿ ಹೋದವು.

"ನೀವು ಪಾಠ ಮಾಡೋದು ಇದನ್ನೇ ಅಲ್ವಾ?"

"ಹೌದು."

"ಅವರು ನಂಗೆ ಸುಳ್ಳು ಹೇಳಿದ್ರು."

"ನನಗೋಸ್ಕರ."

"ಗೊತ್ತಾಯ್ತು ಬಿಡಿ." ಆಮೇಲೆ: "ನಂಗೆ ಈಗ ತುಂಬಾ ಸಿಟ್ಟು ಬರ್ತಾ ಇದೆ, ಸುಧೀಂದ್ರ ಅವರೇ. ಡ್ರೈವ್ ಮಾಡ್ಬೇಕು ನಾನು. ಏರ್‌ಪೋರ್ಟ್ ಬರೋವರೆಗೂ ದಯವಿಟ್ಟು ಮಾತಾಡ್ಬೇಡಿ."

ಕಿಟಕಿಯಾಚೆ ತೈಲದ ಟ್ಯಾಂಕುಗಳು, ಜವುಗಿನಲ್ಲಿ ನಿಂತ ಬಿಳಿ ಕೊಕ್ಕರೆಗಳು, ಇಳಿಯುತ್ತಿರುವ ವಿಮಾನಗಳು. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ಉಸಿರು ಪೂರ್ತಿ ಒಳಗೆ ಹೋಯಿತು. ಅದಕ್ಕೂ ನಾಚಿಕೆಯಾಯಿತು.

ನಿಲ್ದಾಣದಲ್ಲಿ ನಾನು ಇಳಿಯುವಷ್ಟರಲ್ಲಿ ಅವರು ಡಿಕ್ಕಿ ತೆಗೆದು ಸೂಟ್‌ಕೇಸನ್ನು ಕೆಳಗಿಟ್ಟಿದ್ದರು. ಕೈ ಮುಗಿದೆ. ಅವರು ಮುಗಿಯಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಒತ್ತಿದ. ಬಾಗಿಲು ತೆಗೆದು ಒಳಗೆ ಕೂತವರು ಗಾಜು ಇಳಿಸಿದರು.

"ಊರು ತಲುಪಿದ ಮೇಲೆ ಫೋನ್ ಮಾಡಿ. ಅವರಿಗಲ್ಲ, ನಂಗೆ."